ಪಡಸಾಲೆಯ ಚೇತಕ್

ಮುಪ್ಪಡರಿದ ಸ್ಕೂಟರೊಂದನ್ನು ಮನೆಯಲ್ಲಿ ಇಟ್ಟುಕೊಂಡವನಿಗೆ ಊರಿನವರೆಲ್ಲರೂ ಹಿತಚಿಂತಕರೇ. ರೋಣದ ಪೇಟೆಯಲ್ಲಿ ಕಾಯಿಪಲ್ಲೆಯ ಚೀಲವನ್ನು ಹಿಡಿದು ನಿಂತಾಗ, ಬ್ಯಾಂಕಿನ ಪಾಳಿಯಲ್ಲಿ ಕಾಯುತ್ತಿರುವಾಗ, ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತು ಅನ್ನಕ್ಕಾಗಿ ನಿರೀಕ್ಷಿಸುತ್ತಿರುವಾಗ, ಯಾರಾದರೊಬ್ಬರು ಆ ವಿಷಯವನ್ನು ಎತ್ತದೆ ಬಿಡುವುದಿಲ್ಲ. "ಇನ್ನೂ ಆ ಗಾಡಿ ಇಟಗೊಂಡೀರೇನ್ರಿ ಸರ್?" ಎಂಬುದು ಪೀಠಿಕೆ. "ಮೋಡಕಾದವಗ ಕೊಟ್ಟಬಿಡ್ರಿ, ಕಬ್ಬಿಣಕ್ಕ ಈಗ ಚೊಲೊ ರೇಟ ಐತಿ" ಎಂಬುದು ವಯಸ್ಸಾದವರ ಪಕ್ಷ. ತರುಣರ ಪಕ್ಷ ಬೇರೆ. ಅವರು ಗಾಡಿಯನ್ನು ಸುತ್ತಿ ಬಂದು, ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದುಕೊಂಡು, "ಹೊಸಾ ಬಣ್ಣ ಹೊಡಿಸಿ ಕ್ರೋಮ್ ಹಾಕಿಸ್ರಿ, ಹುಬ್ಬಳ್ಳ್ಯಾಗ ಕೇಳಿದಷ್ಟ ಕೊಡಾವ್ರು ಅದಾರ" ಎಂದು ಉಪದೇಶಿಸುತ್ತಾರೆ.

ನಾನು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರಿದವನಲ್ಲ. ಓಡಬಲ್ಲ ವಸ್ತುವನ್ನು ತಕ್ಕಡಿಗೆ ಹಾಕುವುದು ಒಂದು ಬಗೆಯ ಅಪಚಾರ. ಓಡಬೇಕಾದ ವಸ್ತುವನ್ನು ಥಳಥಳಿಸುವಂತೆ ಮಾಡಿ, ಧೂಳು ತಾಕದಂತೆ ಮುಸುಕು ಹಾಕಿ, ಬಂದವರಿಗೆ ಮುಸುಕನ್ನೆತ್ತಿ ತೋರಿಸುವುದು ಅದಕ್ಕಿಂತ ಸ್ವಲ್ಪ ನಯವಾದ ಅಪಚಾರ. ಹಳೆಯ ಯಂತ್ರದ ನಡಿಗೆಗೆ ಅಡ್ಡಿಯಾದುದನ್ನು ಮಾತ್ರ ತಿದ್ದತಕ್ಕದ್ದು, ವಯಸ್ಸಿನ ಗುರುತಾಗಿ ಅದರ ಮೈಮೇಲೆ ಬಂದುದನ್ನು ಬಂದ ಹಾಗೆಯೇ ಇರಗೊಡತಕ್ಕದ್ದು ಎಂಬುದು ನನ್ನ ಮತ. ನಮ್ಮ ತಂದೆಯವರು ಬಿಟ್ಟುಹೋದ ಬಜಾಜ್ ಚೇತಕ್ ಗಾಡಿಯನ್ನು ಮನೆಯ ಪಡಸಾಲೆಯಲ್ಲಿ ಬಿಚ್ಚಿ ಹರವಿಕೊಂಡು ಕುಳಿತ ಅನೇಕ ಭಾನುವಾರಗಳು ಈ ಮತವನ್ನು ನನ್ನಲ್ಲಿ ದೃಢಗೊಳಿಸಿವೆ.

ಗಾಡಿಯ ನಂಬರಿನ ಫಲಕದಲ್ಲಿ ಇಂದಿಗೂ ಕೆಎ–25 ಎಂದೇ ಇದೆ. ಗದಗ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. ತದನಂತರ ಈ ಕಡೆ ಬಂದ ವಾಹನಗಳೆಲ್ಲ ಕೆಎ–26 ಎಂಬ ಅಂಕಿತವನ್ನು ಧರಿಸಿದವು. ನಮ್ಮದು ಅವಿಭಕ್ತ ಧಾರವಾಡ ಜಿಲ್ಲೆಯ ಪ್ರಜೆ. ಅದರ ಪೂರ್ವಜರ ವೃತ್ತಾಂತ ಇನ್ನೂ ಹಿಂದಕ್ಕೆ, ಇನ್ನೂ ದೂರಕ್ಕೆ ಹೋಗುತ್ತದೆ. ದ್ವಿತೀಯ ಮಹಾಯುದ್ಧದಲ್ಲಿ ಬಾಂಬುಗಳಿಗೆ ತುತ್ತಾದ ಇಟಲಿಯ ಪಿಯಾಜಿಯೊ ಸಂಸ್ಥೆಯ ವಿಮಾನದ ಕಾರ್ಖಾನೆಯಲ್ಲಿ, ವಿಮಾನಗಳನ್ನು ಕಟ್ಟುವ ಉದ್ಯೋಗ ಇನ್ನು ನಡೆಯದೆಂದಾದ ಮೇಲೆ, ಕೊರಾಡಿನೊ ಡಿ'ಅಸ್ಕಾನಿಯೊ ಎಂಬ ವಿಮಾನಶಿಲ್ಪಿ, ಮೋಟಾರ್ ಸೈಕಲ್ಲೆಂದರೆ ಮೂಗು ಮುರಿಯುತ್ತಿದ್ದವನು, ಮೋಟಾರ್ ಸೈಕಲ್ಲಿನ ಯಾವ ಸಂಪ್ರದಾಯಕ್ಕೂ ಕಟ್ಟುಬೀಳದೆ 1946ರಲ್ಲಿ ರೂಪಿಸಿದ ವೆಸ್ಪಾ ಗಾಡಿಯೇ ಈ ವಂಶದ ಮೂಲಪುರುಷ. ಮುಂದಿನ ಚಕ್ರವನ್ನು ಎರಡು ಕವಲುಗಳ ನಡುವೆ ಸಿಕ್ಕಿಸದೆ, ವಿಮಾನದ ಗಾಲಿಯ ಹಾಗೆ ಒಂದೇ ಮಗ್ಗುಲಿನಿಂದ ಹಿಡಿದಿರುವುದು ಆ ಶಿಲ್ಪಿಯ ಹಳೆಯ ಕಸುಬು ಬಿಟ್ಟುಹೋದ ಗುರುತು. ದಾರಿಯಲ್ಲಿ ಟೈರು ಪಂಕ್ಚರಾದವನು ನಟ್ಟುಗಳನ್ನು ಬಿಚ್ಚಿ ಸ್ಟೆಪ್ನಿಯನ್ನು ಹಾಕಿಕೊಂಡು ಹೊರಟುಹೋಗುವಂತಾದದ್ದು ಅದರಿಂದಲೇ. ಪುಣೆಯ ಬಜಾಜ್ ಸಂಸ್ಥೆಯವರು ಮೊದಲು ಇಂಥ ಗಾಡಿಗಳನ್ನು ತರಿಸಿ ಮಾರಿದರು, ಆಮೇಲೆ ಪರವಾನಗಿಯನ್ನು ಪಡೆದು ಇಲ್ಲಿಯೇ ಕಟ್ಟಿದರು. ಇಟಲಿಯವರೊಡನೆ ಮಾಡಿಕೊಂಡ ಕರಾರು 1971ರಲ್ಲಿ ತೀರಿದ ತರುವಾಯ, 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರನ್ನಿಟ್ಟು ಅದನ್ನು ತಮ್ಮದೆಂದು ಹೊರತಂದರು. ಎಷ್ಟು ಗಾಡಿಗಳನ್ನು ಕಟ್ಟಬೇಕೆಂಬುದನ್ನು ಸರಕಾರವೇ ನಿಗದಿ ಮಾಡುತ್ತಿದ್ದ ಕಾಲವದು. ಹಣ ತುಂಬಿ ಹೆಸರು ಹಚ್ಚಿದವರು ಹತ್ತು ವರ್ಷಗಳವರೆಗೂ ಕಾದದ್ದುಂಟು. ಮಗಳು ಹುಟ್ಟಿದಾಗ ಬುಕ್ ಮಾಡಿಸಿದರೆ ಅಳಿಯನಿಗೆ ಕೊಡಲು ಒದಗೀತೆಂಬ ವಿನೋದ ಆಗ ಮನೆಮನೆಯಲ್ಲಿಯೂ ಕೇಳಿಬರುತ್ತಿತ್ತು. ನಮ್ಮ ತಂದೆಯವರ ಪಾಳಿ ಬರುವ ವೇಳೆಗೆ ಆ ಬರ ಹಿಂಗಿತ್ತಾಗಿ, ಅವರು ಅಷ್ಟು ದೀರ್ಘವಾದ ತಪಸ್ಸನ್ನು ಮಾಡಬೇಕಾಗಲಿಲ್ಲ.

ಚೇತಕ್ ಬಂದ 1972ನೆಯ ಇಸವಿಯಲ್ಲಿಯೇ ನಮ್ಮ ಭಾಗದ ಹೊಲಗಳಿಗೆ ಇನ್ನೊಬ್ಬ ಅತಿಥಿಯ ಪ್ರವೇಶವಾಯಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಸಿದ್ಧಪಡಿಸಿದ ವರಲಕ್ಷ್ಮಿ ಎಂಬ ಸಂಕರ ಹತ್ತಿಯೇ ಆ ಅತಿಥಿ. ಮಲಪ್ರಭೆಯ ಕಾಲುವೆಯ ನೀರು, ಎರೆಯ ಭೂಮಿ, ಈ ಉದ್ದನೆಯ ಎಳೆಯ ಹತ್ತಿ, ಇವು ಮೂರೂ ಕೂಡಿದಾಗ ನರಗುಂದ, ನವಲಗುಂದ, ರೋಣದ ಕಡೆಯ ಒಕ್ಕಲಿಗನ ಕೈಯಲ್ಲಿ ರೊಕ್ಕವೆಂಬುದು ಒಂದೆರಡು ಸುಗ್ಗಿ ಓಡಾಡಿತು. ಚಕ್ಕಡಿಯ ಪಕ್ಕದಲ್ಲಿ ಸ್ಕೂಟರು ಬಂದು ನಿಂತದ್ದು ಆ ದಿನಗಳಲ್ಲಿಯೇ. ಆ ಸಮೃದ್ಧಿ ಬಹುಕಾಲ ಬಾಳಲಿಲ್ಲ. ಹತ್ತಿಯ ಬೆಲೆ ಕುಸಿಯಿತು, ನೀರಿನ ಕರ, ಅಭಿವೃದ್ಧಿ ಕರಗಳ ಹೊರೆ ಮಾತ್ರ ಹೊಲದ ಮೇಲೆ ಉಳಿಯಿತು, ಮತ್ತು 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ನಡೆದ ರೈತರ ಬಂಡಾಯ ಕರ್ನಾಟಕದ ರಾಜಕಾರಣದ ದಿಕ್ಕನ್ನೇ ಬದಲಿಸಿತು. ಈ ಇತಿಹಾಸಕ್ಕೂ ನನ್ನ ಗಾಡಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿಷ್ಟೆ: ಒಮ್ಮೆ ಕೊಂಡ ವಸ್ತುವನ್ನು ಮತ್ತೊಮ್ಮೆ ಕೊಳ್ಳುವ ಕಾಲ ಬರುವುದೋ ಇಲ್ಲವೋ ಎಂಬ ಅನುಮಾನ ಈ ನೆಲದವರ ರಕ್ತದಲ್ಲಿದೆ. ಇಲ್ಲಿ ಗಾಡಿಯನ್ನು ರಿಪೇರಿ ಮಾಡಿಸುವುದು ಹವ್ಯಾಸವಾಗಿ ಹುಟ್ಟಿದ್ದಲ್ಲ.

ಈ ಸೀಮೆಯ ಜೀವನಕ್ಕೆ ಸ್ಕೂಟರು ಹೊಂದಿಕೊಂಡ ಬಗೆಯೂ ಗಮನಾರ್ಹವಾದದ್ದು. ಧೋತರ ಉಟ್ಟವರು ಕಾಲೆತ್ತಿ ದಾಟದೆ ಹತ್ತಬಹುದು. ಇಳಕಲ್ ಸೀರೆಯುಟ್ಟವರು ಒಂದೇ ಮಗ್ಗುಲಾಗಿ ಕುಳಿತು ಸ್ಟೆಪ್ನಿಗೆ ಕೈಯಾನಿಸಬಹುದು. ಎಂಜಿನ್ನು ತಗಡಿನ ಡಿಕ್ಕಿಯ ಒಳಗೆ ಅಡಗಿರುವುದರಿಂದ ಬಟ್ಟೆಗೆ ಎಣ್ಣೆಯ ಕಲೆ ತಾಕದು. ಕಾಲಿಡುವ ಜಾಗವಂತೂ ಒಂದು ಸಣ್ಣ ಚಕ್ಕಡಿಯೇ. ಗಜೇಂದ್ರಗಡದ ನೇಕಾರರು ಸೀರೆಯ ಗಂಟನ್ನು, ರೋಣದ ಒಕ್ಕಲಿಗರು ಕಡಲೆಯ ಬೀಜದ ಚೀಲವನ್ನು, ನಮ್ಮ ತಂದೆಯವರು ಚಿಕ್ಕವನಾಗಿದ್ದ ನನ್ನ ತಮ್ಮನನ್ನು ಅಲ್ಲಿಯೇ ನಿಲ್ಲಿಸಿಕೊಂಡು ಹೋದರು. ಆದರೆ ಎರೆಯ ಮಣ್ಣಿಗೂ ಈ ಗಾಡಿಗೂ ಹಾಡಾಹಗಲ ವೈರ. ಮಳೆಗಾಲದಲ್ಲಿ ರೋಣದಿಂದ ನರಗುಂದಕ್ಕೆ ಹೋಗುವಾಗ, ಬೆಣ್ಣೆಹಳ್ಳ ಉಕ್ಕಿ ಇಳಿದ ಮರುದಿನ ಯಾವಗಲ್ಲಿನ ಸುತ್ತಿನ ಹೊಲದ ದಾರಿಗೆ ಗಾಲಿಯನ್ನು ಇಳಿಸಿದವನ ಪಾಡು ಹೇಳತೀರದು. ಹತ್ತಿಂಚಿನ ಸಣ್ಣ ಗಾಲಿಗೆ ಅಂಟಿದ ಮಣ್ಣು ಮಡ್‌ಗಾರ್ಡಿನ ಒಳಗೆ ಸೇರಿ, ಪದರ ಪದರವಾಗಿ ತುಂಬಿ, ಕಟ್ಟಕಡೆಗೆ ಬ್ರೇಕಿನ ಸಹಾಯವಿಲ್ಲದೆಯೇ ಗಾಲಿಯನ್ನು ನಿಲ್ಲಿಸಿಬಿಡುತ್ತದೆ. ಆಗ ಇಳಿದು, ಜಾಲಿಯ ಕಟ್ಟಿಗೆಯೊಂದನ್ನು ಮುರಿದುಕೊಂಡು, ಆ ಮಣ್ಣನ್ನು ಕೆದರಿ ತೆಗೆದು, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಪುನಃ ಇಳಿಯಬೇಕು. ಕೆಲವರು ಮಡ್‌ಗಾರ್ಡನ್ನೇ ಕಿತ್ತು ಮನೆಯಲ್ಲಿಟ್ಟು ಮಳೆಗಾಲವನ್ನು ಕಳೆಯುತ್ತಿದ್ದರು; ಅವರ ಮುಖವನ್ನು ನೋಡಿದರೆ ಯಾವ ಹೊಲದಿಂದ ಬಂದರೆಂಬುದು ತಿಳಿಯುತ್ತಿತ್ತು.

ಗಾಡಿಯನ್ನು ಮನೆಯಲ್ಲಿ ಬಿಚ್ಚಲು ಬೇಕಾದ ಸಾಮಗ್ರಿ ಅಲ್ಪ. ನಾಲ್ಕಾರು ಪಾನಾಗಳು, ಒಂದು ಪ್ಲಗ್ ಪಾನಾ, ಪಕ್ಕಡ, ಸ್ಕ್ರೂ ಡ್ರೈವರು, ಹಳೆಯ ಧೋತರದ ಚಿಂದಿ, ಬಿಚ್ಚಿದ ನಟ್ಟುಗಳನ್ನು ಹಾಕಿಡಲು ಒಂದು ಪರಾತ. ಈ ಕೊನೆಯ ಸಾಮಗ್ರಿಯೇ ನಮ್ಮಲ್ಲಿ ವಿವಾದಾಸ್ಪದವಾದದ್ದು. "ಹಿಟ್ಟ ನಾದೂ ಪರಾತದಾಗ ಗ್ರೀಸ್ ತುಂಬಿದ್ರ, ನಾಳಿಂದ ರೊಟ್ಟಿನೂ ನಿಮ್ಮ ನರಗುಂದದ ಚಾಚಾನ ಬಡೀಲಿ" ಎಂದು ನಮ್ಮ ಮನೆಯವರು ತೀರ್ಪನ್ನಿತ್ತ ಮೇಲೆ ನಾನು ಪೇಟೆಯಿಂದ ಪ್ಲಾಸ್ಟಿಕ್ಕಿನ ಬುಟ್ಟಿಯೊಂದನ್ನು ತಂದುಕೊಂಡಿದ್ದೇನೆ.

ಅವರು ಹೇಳಿದ ಚಾಚಾ ನನಗೆ ಈ ವಿದ್ಯೆಯಲ್ಲಿ ಗುರುಸ್ಥಾನದಲ್ಲಿರುವವರು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ನರಗುಂದದ ಮೂಲಕವೇ ಸಾಗುವುದರಿಂದ ಅಲ್ಲಿ ಗ್ಯಾರೇಜುಗಳಿಗೆ ಕೊರತೆಯಿಲ್ಲ; ಆದರೆ ಹಳೆಯ ಎರಡು ಸ್ಟ್ರೋಕಿನ ಎಂಜಿನ್ನಿನ ಶಬ್ದವನ್ನು ಕಣ್ಣು ಮುಚ್ಚಿ ಕೇಳಿ ರೋಗವನ್ನು ಹೇಳಬಲ್ಲವರು ಈಗ ವಿರಳ. ಬಾಬಾಸಾಹೇಬ ಭಾವೆಯವರು 1858ರಲ್ಲಿ ಇಂಗ್ಲಿಷರ ವಿರುದ್ಧ ಕತ್ತಿಯನ್ನು ಹಿರಿದ ಗುಡ್ಡದ ಕೆಳಗೆ ಚಾಚಾನ ತಗಡಿನ ಅಂಗಡಿಯಿದೆ. ನಾನು ಮೊದಲ ಸಲ ಗಾಡಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಹೋದಾಗ, ಅವರು ಅದಕ್ಕೆ ಕೈಯನ್ನು ಹಚ್ಚಲಿಲ್ಲ. ಸವೆದ ಪಾನಾವೊಂದನ್ನು ನನ್ನ ಕೈಗಿತ್ತು, "ನೀವ ಬಿಚ್ರಿ ಸರ್, ನಾ ಹೇಳತೇನಿ" ಎಂದು ಚಹಾದ ಕಪ್ಪನ್ನು ಹಿಡಿದು ಎದುರಿಗೆ ಕುಳಿತುಬಿಟ್ಟರು. ಅಂದಿನ ಪಾಠದಲ್ಲಿ ಕಾರ್ಬೋರೇಟರೇ ಪ್ರಥಮಾಧ್ಯಾಯ.

ಬಹುದಿನ ನಿಂತ ಗಾಡಿಯಲ್ಲಿ ಪೆಟ್ರೋಲು ಆರಿ, ಅದರಲ್ಲಿಯ ಹಗುರಾದ ಅಂಶವೆಲ್ಲ ಹಾರಿಹೋಗಿ, ಉಳಿದದ್ದು ಹಳದಿಯ ಅಂಟಾಗಿ ಒಳಗಿನ ಸಣ್ಣ ದಾರಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬಲಮಗ್ಗುಲಿನ ಡಿಕ್ಕಿಯನ್ನು ಕಳಚಿ, ಕಾರ್ಬೋರೇಟರನ್ನು ಹೊರಗೆ ತೆಗೆದು ಬಿಚ್ಚಿದರೆ ಹಿತ್ತಾಳೆಯ ಎರಡು ಪುಟ್ಟ ತಿರುಪುಗಳು ಕಾಣುತ್ತವೆ. ಇವೇ ಜೆಟ್ಟುಗಳು. ದೊಡ್ಡದು ಓಟಕ್ಕೆ, ಚಿಕ್ಕದು ನಿಂತಲ್ಲಿ ಉಸಿರಾಡುವುದಕ್ಕೆ. ಚಿಕ್ಕದನ್ನು ಚಿಂದಿಯಿಂದ ಒರೆಸಿ, ಎರಡು ಬೆರಳುಗಳ ತುದಿಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಎದುರಾಗಿ ಒಂದು ಕಣ್ಣನ್ನು ಮುಚ್ಚಿ ನೋಡಬೇಕು. ನಡುವೆ ಬೆಳಕಿನ ಒಂದು ಬಿಂದು ದುಂಡಗೆ, ಅಂಚು ಮಾಸದೆ ಕಾಣಿಸಿದರೆ ಸರಿ, ಬಿಂದು ಚಂದ್ರನ ಕಲೆಯ ಹಾಗೆ ಒಂದು ಕಡೆ ಕ್ಷೀಣಿಸಿದ್ದರೆ ಅಲ್ಲಿ ಇನ್ನೂ ಅಂಟು ಕುಳಿತಿದೆಯೆಂದು ತಿಳಿಯಬೇಕು. ನಾನು ಸಹಜವಾಗಿಯೇ ಒಂದು ಸಣ್ಣ ತಂತಿಗಾಗಿ ಅತ್ತಿತ್ತ ನೋಡಿದೆ. ಚಾಚಾ ಚಹಾದ ಕಪ್ಪನ್ನು ಕೆಳಗಿಟ್ಟರು. "ತಂತಿ ಹಾಕಬ್ಯಾಡ್ರಿ ಸರ್! ತೂತ ಕೂದಲಷ್ಟ ದೊಡ್ಡದಾದ್ರೂ ಮುಂದ ಜಲಮಾನ ಪೆಟ್ರೋಲ್ ಕುಡೀತೈತಿ. ಸೈಕಲ್ ಪಂಪ್‌ಲೆ ಗಾಳಿ ಹೊಡೀರಿ. ಹೋಗಲಿಲ್ಲಂದ್ರ ಒಂದ ರಾತ್ರಿ ನೆನಿ ಇಡ್ರಿ. ಅವಸರ ಯಾರಿಗೈತಿ?" ಎಂದರು. ಅವಸರ ನನಗಿತ್ತು, ನರಗುಂದದಿಂದ ರೋಣಕ್ಕೆ ಕಡೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಆದರೆ ಗುರುವಾಕ್ಯವನ್ನು ಮೀರಲಾಗದೆ ಜೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಔಷಧದ ಸೀಸೆಯೊಂದರಲ್ಲಿ ಪೆಟ್ರೋಲನ್ನು ಹಾಕಿ ನೆನೆಯಲು ಬಿಟ್ಟೆ. ಮರುದಿನ ಬಿಂದು ದುಂಡಗಾಯಿತು.

ಎರಡನೆಯ ಅಧ್ಯಾಯ ಕಿಡಿಯದು. ಹಳೆಯ ಮಾದರಿಯ ಚೇತಕ್ಕಿನಲ್ಲಿ ಪಾಯಿಂಟ್ ಎಂಬ ಎರಡು ಸಣ್ಣ ಲೋಹದ ಮೊಳೆಗಳು ಕೂಡುತ್ತ ಅಗಲುತ್ತ ಇರುತ್ತವೆ. ಅಗಲಿದ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ಅಗಲಿಕೆ ಮಿಲಿಮೀಟರಿನ ಹತ್ತರಲ್ಲಿ ಮೂರರಿಂದ ಐದು ಪಾಲಿನೊಳಗೆ ಇರಬೇಕು. ಮ್ಯಾಗ್ನೆಟ್ಟಿನ ಕಿಂಡಿಯಿಂದ ಫೀಲರ್ ಗೇಜನ್ನು ತೂರಿಸಿ ಅಳೆದು, ಸುಟ್ಟು ಕಪ್ಪಾದ ಮುಖಗಳನ್ನು ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ, ಕಡೆಗೆ ಲಗ್ನಪತ್ರಿಕೆಯ ಒಂದು ತುಣುಕನ್ನು ನಡುವೆ ಎಳೆದರೆ ಧೂಳೂ ಎಣ್ಣೆಯೂ ಹೋಗುತ್ತವೆ. ನಮ್ಮ ಕಡೆ ಲಗ್ನಪತ್ರಿಕೆಗಳಿಗೆ ಎಂದೂ ಅಭಾವವಿಲ್ಲವಾದ ಕಾರಣ ಈ ಉಪಕರಣಕ್ಕೆ ಖರ್ಚಿಲ್ಲ. ಪ್ಲಗ್ಗಿನ ಬಣ್ಣವನ್ನು ಓದಲು ಕಲಿತವನಿಗೆ ಎಂಜಿನ್ನಿನ ಒಳಗಿನ ಸಮಾಚಾರವೆಲ್ಲ ಹೊರಗೆ ನಿಂತೇ ತಿಳಿಯುತ್ತದೆ: ಕಂದಾಗಿದ್ದರೆ ಕ್ಷೇಮ, ಒದ್ದೆಯಾಗಿ ಕರ್ರಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಿಡಿ ಸೋತಿದೆ, ಬೆಳ್ಳಗೆ ಬೂದಿಯಂತಿದ್ದರೆ ಉಷ್ಣ ಮಿತಿಮೀರಿದೆ.

ಎಣ್ಣೆಯ ಮಾತು ಬಂದದ್ದರಿಂದ ಸೈಲೆನ್ಸರಿನ ಪ್ರಕರಣವನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ನನ್ನ ಅನುಭವದಲ್ಲಿ ಮುದಿ ಸ್ಕೂಟರುಗಳಲ್ಲಿ ಅರ್ಧಕ್ಕರ್ಧ, ಎಂಜಿನ್ನು ಸತ್ತಿತೆಂದು ಜನ ಕೈಬಿಟ್ಟಂಥವು, ಕೇವಲ ಕಂಠ ಕಟ್ಟಿಕೊಂಡು ನಿಂತಂಥವು. ಎರಡು ಸ್ಟ್ರೋಕಿನ ಎಂಜಿನ್ನಿಗೆ ತನ್ನದಾದ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿನೊಂದಿಗೆ ಲೀಟರಿಗೆ ಇಪ್ಪತ್ತು ಮಿಲಿಲೀಟರಿನಂತೆ ಬೆರೆಸಿದ ಎಣ್ಣೆಯೇ ಅದರ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಿಡ್ಡನ್ನೀಯುತ್ತ, ತಾನೂ ಅರೆಬರೆ ಉರಿದು ಹೊರಗೆ ಹೋಗುತ್ತದೆ. ಹೋಗುವಾಗ ಬಿಟ್ಟ ಮಸಿ ಸಿಲಿಂಡರಿನ ಬಾಯಲ್ಲಿ, ಸೈಲೆನ್ಸರಿನ ಕೊರಳಲ್ಲಿ, ಅದರ ಹೊಟ್ಟೆಯಲ್ಲಿ ವರ್ಷ ವರ್ಷವೂ ಸಂಚಿತವಾಗುತ್ತದೆ. ಗಾಡಿ ಸಮತಲದಲ್ಲಿ ಹೇಗೋ ಓಡುತ್ತದೆ, ಏರು ಬಂದೊಡನೆ ಉಬ್ಬಸಪಡುತ್ತದೆ. ಮಾಲೀಕನು ಬೋರ್ ಹೋಯಿತೆಂದು ಶೋಕಿಸುತ್ತಾನೆ. ಚೇತಕ್ಕಿನ ಸೈಲೆನ್ಸರನ್ನು ಬಿಚ್ಚಿ ಒಳಗೆ ಕೆರೆಯುವ ಸೌಕರ್ಯವಿಲ್ಲದ್ದರಿಂದ ಬೆಂಕಿಯೇ ಗತಿ. ನಾವು ಹಿತ್ತಲಿನಲ್ಲಿ ಕುಳ್ಳುಗಳನ್ನು ಒಟ್ಟಿ, ಅವುಗಳ ನಡುವೆ ಸೈಲೆನ್ಸರನ್ನು ಮಲಗಿಸಿ ಉರಿ ಹಚ್ಚಿದೆವು. ಮೊದಲು ಬಿಳಿಯ ಹೊಗೆ, ಆಮೇಲೆ ಹಳದಿಯ ಹೊಗೆ, ಆಮೇಲೆ ಕೊಳವೆಯ ಬಾಯಿಂದ ನೀಲಿಯ ಜ್ವಾಲೆ. ಒಳಗೆ ಕುಳಿತಿದ್ದ ಎಣ್ಣೆ ತಾನೇ ಹೊತ್ತಿಕೊಂಡಿತೆಂಬುದಕ್ಕೆ ಅದು ಸಾಕ್ಷಿ. ಆರಿದ ಮೇಲೆ ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ಮೆಲ್ಲನೆ ಬಡಿದು ತಲೆಕೆಳಗಾಗಿ ಹಿಡಿದಾಗ ಸುರಿದ ಮಸಿಯ ಹಕ್ಕಳೆಗಳನ್ನು ಕಂಡು, ಹೊಗೆಯ ದೂರನ್ನು ಹೇಳಲು ಬಂದಿದ್ದ ನೆರೆಮನೆಯವರೂ ತಮ್ಮ ದೂರನ್ನು ಮರೆತು ನೋಡುತ್ತ ನಿಂತರು. ಸಿಲಿಂಡರಿನ ಬಾಯನ್ನು ಮಾತ್ರ ಬೆಂಕಿಗೂ ಕಬ್ಬಿಣಕ್ಕೂ ಒಡ್ಡಬಾರದು. ಹೆಡ್ಡನ್ನು ತೆಗೆದು, ಪಿಸ್ಟನ್ನನ್ನು ಕೆಳಗಿಳಿಸಿ, ಬಿದಿರಿನ ಚೂರಿನಿಂದ ಮಸಿಯನ್ನು ಕೆರೆಯಬೇಕು. ಅಲ್ಯೂಮಿನಿಯಮ್ಮಿನ ಪಿಸ್ಟನ್ನಿನ ಮೇಲೆ ಉಕ್ಕಿನ ಒಂದು ಗೀರು ಬಿದ್ದರೂ ಅದು ಬಹುದಿನ ಮಾತಾಡುತ್ತದೆ. ಹಾಗೆ ಹೆಡ್ಡನ್ನು ತೆಗೆದಾಗ ಸಿಲಿಂಡರಿನೊಳಗೆ ಇಣುಕಿ ನೋಡುವ ಅವಕಾಶವೂ ದೊರೆಯುತ್ತದೆ: ಅಗಲವೂ 57 ಮಿಲಿಮೀಟರು, ಪಿಸ್ಟನ್ನಿನ ನಡೆಯೂ 57 ಮಿಲಿಮೀಟರು, ಒಟ್ಟು 145 ಸಿಸಿಯಷ್ಟು ಅವಕಾಶ. ಇಷ್ಟು ಚಿಕ್ಕ ಕೋಣೆಯಿಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ಜೋಳದ ಚೀಲ, ಇವೆಲ್ಲವನ್ನೂ ಎಳೆಯುವ ಶಕ್ತಿ ಹೊರಟಿತೆಂಬುದು ಯೋಚಿಸಿದಷ್ಟೂ ಸೋಜಿಗ.

ಕೇಬಲ್ಲುಗಳ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಕ್ಲಚ್ಚು, ಬ್ರೇಕು, ಎಕ್ಸಿಲರೇಟರು, ಎಡಗೈಯ ಹಿಡಿಯಿಂದ ಗೇರಿಗೆ ಹೋಗುವ ಜೋಡಿ, ಎಲ್ಲವೂ ಕಾಲಕ್ರಮದಲ್ಲಿ ಹಿಗ್ಗುತ್ತವೆ, ಎಳೆ ಎಳೆಯಾಗಿ ಹರಿಯುತ್ತವೆ; ವರ್ಷಕ್ಕೊಮ್ಮೆ ಎಣ್ಣೆ ಬಿಡಬೇಕು, ಹರಿಯುವುದಕ್ಕೆ ಮೊದಲೇ ಬದಲಿಸಬೇಕು. ಗಾಲಿಯ ರಿಮ್ಮು ಎರಡು ಹೋಳುಗಳದು; ಗಾಳಿಯನ್ನು ಪೂರ್ತಿ ಬಿಡದೆ ಆ ಹೋಳುಗಳನ್ನು ಕೂಡಿಸಿದ ನಟ್ಟುಗಳಿಗೆ ಕೈಹಚ್ಚಿದವನು ತನ್ನ ಮೂಗಿನ ಆಸೆಯನ್ನು ಬಿಟ್ಟಂತೆಯೇ. ಇಷ್ಟು ಸಾಕು.

ಬಣ್ಣದ ವಿಷಯದಲ್ಲಿ ನನಗೂ ತರುಣರಿಗೂ ಮೂಲಭೂತವಾದ ಭಿನ್ನಾಭಿಪ್ರಾಯವಿದೆ. ಈ ಗಾಡಿಗೆ ಮೋಟಾರ್ ಸೈಕಲ್ಲಿಗಿರುವಂತೆ ಪ್ರತ್ಯೇಕವಾದ ಕೊಳವೆಯ ಚೌಕಟ್ಟಿಲ್ಲ. ಮಡಿಸಿದ ಉಕ್ಕಿನ ತಗಡೇ ಇದಕ್ಕೆ ಚರ್ಮ, ಅದೇ ಎಲುಬು. ಆದ್ದರಿಂದ ಕಾಲಿಡುವ ಜಾಗದ ರಬ್ಬರಿನ ಹಾಸನ್ನು ಎತ್ತಿ ನೋಡದೆ ಹೊಸ ಬಣ್ಣದ ಮಾತನ್ನಾಡುವುದು ಅವಿವೇಕ. ಆ ಹಾಸಿನ ಅಡಿಯಲ್ಲಿ ನಿಂತ ಮಳೆಯ ನೀರು ತಗಡನ್ನು ಮೆಲ್ಲಮೆಲ್ಲನೆ ತಿಂದು, ಮೇಲೆ ಹೊಳೆಯುವ ಗಾಡಿ ಒಂದು ದಿನ ನಡುವಿನಲ್ಲಿ ಬಾಗಿದ ಪ್ರಸಂಗಗಳುಂಟು. ನಮ್ಮ ಗಾಡಿಯ ತಳವನ್ನು ಮೊದಲು ವೆಲ್ಡಿಂಗ್ ಮಾಡಿಸಿ, ತುಕ್ಕನ್ನು ಉಜ್ಜಿ, ರೆಡ್ ಆಕ್ಸೈಡ್ ಬಳಿದದ್ದಾಯಿತು. ಎದುರಿನ ತಗಡಿನ ಮೇಲೆ ಹೊಳೆಆಲೂರಿನ ರೈಲ್ವೆ ಗೇಟಿನ ಹತ್ತಿರ ಚಕ್ಕಡಿಯ ನೊಗ ತಾಕಿ ಆದ ತಗ್ಗು, ಸೀಟಿನ ಕೆಳಗೆ ತಂದೆಯವರ ಹಾಲಿನ ಕ್ಯಾನು ಸವೆಸಿದ ಗುರುತು, ಹ್ಯಾಂಡಲಿನ ಮೇಲೆ ಅವರ ಹೆಬ್ಬೆರಳು ತಿಕ್ಕಿ ಬಿಳಿಚಿದ ಜಾಗ, ಇವು ಮಾತ್ರ ಇದ್ದ ಹಾಗೆಯೇ ಇವೆ. ಪುಟ್ಟಿ ಹಚ್ಚಿ ಇವನ್ನೆಲ್ಲ ಮುಚ್ಚಿ, ಕಾರ್ಖಾನೆಯಿಂದ ಅಂದೇ ಇಳಿದು ಬಂದ ಹಾಗೆ ಮಾಡಿದರೆ, ಆ ಗಾಡಿ ನಮ್ಮದೆಂದು ಹೇಳುವುದಕ್ಕೆ ನಂಬರಿನ ಫಲಕವೊಂದೇ ಉಳಿಯುತ್ತದೆ.

ಗಾಡಿ ಸಿದ್ಧವಾದ ಮೇಲೆ ಅದರ ಪರೀಕ್ಷೆಗೆಂದು ನಾನು ಹಿಡಿದದ್ದು ಸೂಡಿಯ ಮೇಲಿಂದ ಗಜೇಂದ್ರಗಡದ ದಾರಿಯನ್ನು. ಸೂಡಿ ಇಂದು ಸಣ್ಣ ಊರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡ ಕಿಸುಕಾಡು ನಾಡಿನ ಮುಖ್ಯಪಟ್ಟಣ. ಜೋಡುಕಳಸದ ಗುಡಿಯ ನೆರಳಿನಲ್ಲಿ ಎಂಜಿನ್ನನ್ನು ಆರಲು ಬಿಟ್ಟು ಕುಳಿತಾಗ, ಆ ಕಾಲದ ದಾನಶಾಸನಗಳಲ್ಲಿ ಪದೇ ಪದೇ ಬರುವ ಒಂದು ಏರ್ಪಾಡು ನೆನಪಿಗೆ ಬಂದಿತು. ದೇವಾಲಯವನ್ನು ಕಟ್ಟಿಸಿದವರು ಭೂಮಿಯನ್ನು ದತ್ತಿ ಬಿಡುವಾಗ ದೇವರ ಅಂಗಭೋಗಕ್ಕೆ, ನೈವೇದ್ಯಕ್ಕೆ ಎಂದು ಹೇಳಿ ಮುಗಿಸುತ್ತಿರಲಿಲ್ಲ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಎಂದರೆ ಮುರಿದದ್ದನ್ನು, ಬಿರಿದದ್ದನ್ನು ಸರಿಪಡಿಸುವುದಕ್ಕೆ, ಅದೇ ದತ್ತಿಯಲ್ಲಿ ಪಾಲನ್ನು ತೆಗೆದಿಡುತ್ತಿದ್ದರು. ಕಟ್ಟಿದ ದಿನವೇ ಮುರಿಯುವ ದಿನದ ಖರ್ಚನ್ನು ಯೋಚಿಸಿದ ಆ ವಿವೇಕ ಈಗಿನ ವಸ್ತುಗಳನ್ನು ಮಾಡುವವರಲ್ಲಿ ಕಾಣುವುದಿಲ್ಲ. ಒಳಗಿನ ಒಂದು ಬಿಡಿಭಾಗ ಕೆಟ್ಟರೆ ಇಡಿಯ ಪೆಟ್ಟಿಗೆಯನ್ನೇ ಬದಲಿಸಿರೆಂದು ಹೇಳುವ ಯಂತ್ರಗಳು ನಮ್ಮ ಮನೆಗಳನ್ನು ತುಂಬಿವೆ. ಚೇತಕ್ಕನ್ನು ಮಾಡಿದವರಿಗೆ ಶಾಸನಗಳ ಪರಿಚಯವಿತ್ತೆಂದು ನಾನು ಹೇಳಲಾರೆ. ಆದರೆ ಅವರು ಮಾಡಿದ ಗಾಡಿಯಲ್ಲಿ ಪಾನಾಕ್ಕೆ ಸಿಗದ ನಟ್ಟಿಲ್ಲ.

ಗಜೇಂದ್ರಗಡದ ಸಮೀಪದ ಏರಿನಲ್ಲಿ ಗಾಡಿ ಮೂರನೆಯ ಗೇರಿನಿಂದ ಇಳಿಯದೆ ಹತ್ತಿತು. ಗುಡ್ಡದ ಮೇಲೆ ಗಾಳಿಯ ಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಜಾತ್ರೆ ಸಮೀಪಿಸಿತ್ತಾಗಿ ಕಾಲಕಾಲೇಶ್ವರನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅಂಗಡಿಗಳ ಗಳುಗಳನ್ನು ನೆಡುತ್ತಿದ್ದರು. ಅಲ್ಲಿ ಚಹಾ ಕುಡಿಯುವಾಗ ಒಬ್ಬ ಹಿರಿಯ ನೇಕಾರರು ಗಾಡಿಯನ್ನು ಬಹಳ ಹೊತ್ತು ನೋಡಿ, ಕಿಕ್ಕಿಗೆ ಮೊದಲು ನಾನು ಅದನ್ನು ಒಂದು ಮಗ್ಗುಲಿಗೆ ಬಾಗಿಸಿದುದನ್ನು ಕಂಡು ನಕ್ಕರು. ಹಾಗೆ ಬಾಗಿಸಿದರೆ ಪೆಟ್ರೋಲು ಬೇಗ ಇಳಿಯುತ್ತದೆಂಬುದು ಸ್ಕೂಟರು ಸವಾರರ ಅಖಿಲ ಭಾರತ ಸಂಪ್ರದಾಯ. ನನ್ನ ಗಾಡಿಗೆ ಈಗ ಅದರ ಅಗತ್ಯವಿಲ್ಲವಾದರೂ ತಂದೆಯವರು ಮಾಡುತ್ತಿದ್ದರೆಂದು ನಾನೂ ಮಾಡುತ್ತೇನೆ.

ಇಂದಿನ ಕಾಲ ಹಳೆಯ ಗಾಡಿಗೆ ಅನುಕೂಲವಾಗಿದೆಯೆನ್ನುವಂತಿಲ್ಲ. ಬಜಾಜ್ ಸಂಸ್ಥೆ 2009ರಲ್ಲಿ ಸ್ಕೂಟರುಗಳ ತಯಾರಿಕೆಗೇ ವಿದಾಯ ಹೇಳಿತು. 2020ರಲ್ಲಿ ಅದೇ ಹೆಸರಿನಿಂದ ಬ್ಯಾಟರಿಯ ಗಾಡಿಯನ್ನು ಹೊರತಂದಿದೆ, ಅದು ಸದ್ದಿಲ್ಲದೆ ಓಡುತ್ತದೆಂದು ಅದರ ಸ್ತುತಿ. ಹಳೆಯದರ ಬಿಡಿಭಾಗಗಳು ಗದಗ, ಹುಬ್ಬಳ್ಳಿಗಳ ಅಂಗಡಿಗಳಲ್ಲಿ ಒರಿಜಿನಲ್, ಲೋಕಲ್ ಎಂಬ ಎರಡು ಜಾತಿಗಳಲ್ಲಿ ಸಿಗುತ್ತವೆ. ಕೇಬಲ್ಲು, ರಬ್ಬರು, ಗ್ಯಾಸ್ಕೆಟ್ಟುಗಳನ್ನು ಲೋಕಲ್ ಜಾತಿಯಲ್ಲಿ ಕೊಂಡರೆ ಅಡ್ಡಿಯಿಲ್ಲ, ಬೇರಿಂಗನ್ನೂ ಪಿಸ್ಟನ್ ರಿಂಗನ್ನೂ ಹಾಗೆ ಕೊಳ್ಳಬಾರದು. ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಗಾಳಿಯಲ್ಲಿಯ ತೇವವನ್ನು ಹೀರುವುದು, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುವುದು ಅದರ ಸ್ವಭಾವವಾದ್ದರಿಂದ, ಟಾಕಿಯಿಂದ ಇಳಿಯುವ ಪೈಪನ್ನು ಆಗಾಗ ಚಿವುಟಿ ನೋಡುತ್ತಿರಬೇಕು. ಬಹುದಿನ ಗಾಡಿಯನ್ನು ನಿಲ್ಲಿಸುವುದಾದರೆ ಟ್ಯಾಪನ್ನು ಮುಚ್ಚಿ, ಎಂಜಿನ್ನು ತಾನಾಗಿ ಆರುವವರೆಗೂ ಓಡಿಸಿ, ಕಾರ್ಬೋರೇಟರನ್ನು ಬರಿದುಮಾಡಿ ನಿಲ್ಲಿಸಬೇಕು. ನೋಂದಣಿಯ ಆಯುಷ್ಯ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಿಕೊಳ್ಳಬೇಕು. ಇದು ತೊಡಕಿನ ಕೆಲಸವೆಂದು ಗೊಣಗುವವರ ಗುಂಪಿಗೆ ನಾನು ಸೇರಲಾರೆ. ಬ್ರೇಕು ಹಿಡಿಯದ, ದೀಪ ಉರಿಯದ ಗಾಡಿಯನ್ನು ಪಿತೃಭಕ್ತಿಯ ಹೆಸರಿನಲ್ಲಿ ರಸ್ತೆಗೆ ಇಳಿಸುವುದು ಭಕ್ತಿಯಲ್ಲ.

ಪ್ರತಿವರ್ಷ ಖಂಡೇಪೂಜೆಯ ದಿನ ಅದಕ್ಕೆ ವಿಭೂತಿಯ ಮೂರು ಗೆರೆ, ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಪರಾತದ ಕಲಹವನ್ನು ಮಾಡಿದವರೇ ಅಂದು ಆರತಿಯನ್ನೂ ಎತ್ತುತ್ತಾರೆ. ಮರುದಿನ ಬನ್ನಿ ಕೊಡುವುದಕ್ಕೆ ಹಿಂದಿನ ಸೀಟಿನಲ್ಲಿ ಕುಳಿತು ಬರುತ್ತಾರೆ.

ನಿಮ್ಮ ದನದ ಕೊಟ್ಟಿಗೆಯಲ್ಲಿಯೋ ಹಿತ್ತಲಿನ ತಗಡಿನ ಕೆಳಗೋ ಇಂಥದೊಂದು ಗಾಡಿ ನಿಂತಿರಬಹುದು. ಮೋಡಕಾದವನನ್ನು ಕರೆಯುವ ಮೊದಲು ಇಷ್ಟು ಮಾಡಿ ನೋಡಿರಿ: ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಲ್ಲಿ ನಾಲ್ಕು ಹನಿ ಎಂಜಿನ್ ಎಣ್ಣೆಯನ್ನು ಬಿಡಿರಿ, ಒಂದು ರಾತ್ರಿ ಹಾಗೆಯೇ ಇರಲಿ, ಮರುದಿನ ಗೇರನ್ನು ನ್ಯೂಟ್ರಲ್ಲಿಗೆ ತಂದು ಕಿಕ್ಕನ್ನು ಕಾಲಿನಿಂದ ತುಳಿಯದೆ ಕೈಯಿಂದ ಮೆಲ್ಲನೆ ಒತ್ತಿರಿ. ಎಂಜಿನ್ನು ತಿರುಗಿದರೆ ಟಾಕಿಯಲ್ಲಿಯ ಹಳೆಯ ಪೆಟ್ರೋಲನ್ನು ಚೆಲ್ಲಿ, ಜೆಟ್ಟುಗಳನ್ನು ನೆನೆಹಾಕಿ ಕೆಲಸಕ್ಕೆ ತೊಡಗಬಹುದು. ತಿರುಗದಿದ್ದರೂ ನಿರಾಶರಾಗಬೇಕಾದುದಿಲ್ಲ, ಬೋರ್ ಹೊಡೆದು ಕೊಡುವವರು ಗದಗಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇನ್ನೂ ಇದ್ದಾರೆ.